ತಲಾ ಐದು ಮೀನು

ಕಡಲಿನ ಬಗ್ಗೆ ಮಕ್ಕಳಿಗೆ ಹೇಳಿಕೊಡಲು ನಾನು ನೆಚ್ಚಿಕೊಂಡಿರುವುದು ಒಂದು ಬೋಗುಣಿ, ಒಂದಿಷ್ಟು ಮಣಿ, ನಾಲ್ಕು ಚಮಚ. ರಸಪ್ರಶ್ನೆ, ಚಿತ್ರದ ಕಾರ್ಡು ಎಲ್ಲಾ ನನ್ನ ಹತ್ತಿರವೂ ಇವೆ. ಅವುಗಳಿಂದ ಮಕ್ಕಳು ಪ್ರಾಣಿಗಳ ಹೆಸರು ಕಲಿಯುತ್ತಾರೆ, ಅಷ್ಟೇ. ಮೀನು ಯಾಕೆ ಕಡಿಮೆಯಾಗುತ್ತದೆ ಅನ್ನೋದು ಕೈಯಲ್ಲಿ ಚಮಚ ಹಿಡಿದಾಗಲೇ ತಲೆಗೆ ಹೋಗುವುದು.

ಬೋಗುಣಿಯೇ ಸಮುದ್ರ, ಮಣಿಗಳೇ ಮೀನು. 40 ಮಣಿ ಹಾಕಿ, ಸುತ್ತ ನಾಲ್ಕು ಮಕ್ಕಳನ್ನು ಕೂರಿಸುತ್ತೇನೆ. ನಾನು ಹತ್ತು ಎಣಿಸುವಷ್ಟರಲ್ಲಿ ಎಷ್ಟು ಬೇಕಾದರೂ ಎತ್ತಿಕೊಳ್ಳಬಹುದು. ಎರಡಕ್ಕಿಂತ ಕಡಿಮೆ ಹಿಡಿದವರು ಆಟದಿಂದ ಹೊರಗೆ. ಸುತ್ತು ಮುಗಿದಾಗ ಬೋಗುಣಿಯಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ ಮಣಿ ಮತ್ತೆ ಸೇರಿಸುತ್ತೇನೆ, ಮೀನು ಮರಿ ಮಾಡಿದ ಲೆಕ್ಕ. ಆದರೆ 40 ದಾಟುವಂತಿಲ್ಲ. ಮೊದಲ ಆಟದಲ್ಲಿ ಯಾರೂ ಮಾತಾಡುವ ಹಾಗೂ ಇಲ್ಲ.

ಸಾಮಾನ್ಯವಾಗಿ ಒಂದೆರಡು ಸುತ್ತಿಗೇ ಬೋಗುಣಿ ಖಾಲಿ! ಯಾರೂ ಕೆಟ್ಟವರಲ್ಲ. ‘ನಾನು ಬಿಟ್ರೆ ಅವನು ಎತ್ಕೋತಾನೆ’ ಅನ್ನೋ ಭಯ. ಆಮೇಲೆ ಜಗಳ ಶುರು. ಅದನ್ನು ನಾನು ನಿಲ್ಲಿಸಲು ಹೋಗುವುದಿಲ್ಲ, ಸುಮ್ನೆ ಕೂತು ಕೇಳುತ್ತೇನೆ. ‘ತಲಾ ಐದೇ ಹಿಡಿಯೋಣ’ ಎಂದು ಒಬ್ಬಳು, ‘ಅದನ್ನ ಯಾರು ನೋಡ್ಕೋತಾರೆ?’ ಎಂದು ಇನ್ನೊಬ್ಬ. ಎರಡನೇ ಆಟಕ್ಕೆ ನಿಯಮ ಅವರದೇ.

ತಲಾ ಐದಾದರೆ 20 ಹೋಗಿ 20 ಉಳಿಯುತ್ತದೆ, ಮತ್ತೆ 40 ಆಗುತ್ತದೆ. ಎಷ್ಟು ಹೊತ್ತು ಬೇಕಾದರೂ ಆಡಬಹುದು. ತಲಾ ಆರಾದರೆ? 16 ಉಳಿದು 32 ಆಗುತ್ತದೆ. ಮುಂದಿನ ಸುತ್ತಿಗೆ 8 ಉಳಿದು 16. ಅಲ್ಲಿಗೆ ಎಲ್ಲರಿಗೂ ಆರು ಸಿಗುವುದಿಲ್ಲ. ಒಂದೇ ಒಂದು ಮೀನಿನ ವ್ಯತ್ಯಾಸ! ಈ ಲೆಕ್ಕವನ್ನು ನಾನಾಗಿ ಹೇಳುವುದಿಲ್ಲ, ಮಕ್ಕಳೇ ಕಂಡುಕೊಳ್ಳಬೇಕು.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಥೆ ಹೇಳುವುದು ಇದಾದ ಮೇಲೆಯೇ. ಅಲ್ಲಿನ ಕಡಲಲ್ಲಿ ಶತಮಾನಗಳಿಂದ ಕಾಡ್ (cod) ಎಂಬ ಮೀನು ಹಿಡಿಯುತ್ತಿದ್ದರು. ಬಲೆ ಎಳೆದುಕೊಂಡು ಹೋಗುವ ದೊಡ್ಡ ಹಡಗುಗಳು, ಅಂದರೆ ಟ್ರಾಲರ್‌ಗಳು, ಬಂದು ಬಾಚಿಕೊಂಡ ಮೇಲೆ ಮೀನೇ ಇಲ್ಲದಂತಾಗಿ, 1992ರಲ್ಲಿ ಸರ್ಕಾರ ನಿಷೇಧ ಹಾಕಿತು. ಸುಮಾರು 30 ಸಾವಿರ ಜನರ ಕೆಲಸ ಹೋಯಿತು. ನಿಷೇಧ ತೆಗೆದದ್ದು 2024ರಲ್ಲಿ. ಮೊದಲೇ ಹೇಳಿದರೆ ಇದು ಬರೀ ಇತಿಹಾಸ. ಬೋಗುಣಿ ಖಾಲಿ ಮಾಡಿದ ಮಕ್ಕಳು ಮಾತ್ರ ‘ಅವರೂ ನಮ್ ಥರನೇ ಮಾಡಿದ್ರಾ?’ ಎಂದು ಕೇಳುತ್ತಾರೆ.

ಇನ್ನೊಂದು ಆಟ ಬಲೆಯದು. ಸಿಗಡಿ ಬಲೆಗೆ ಆಮೆ ಬಿದ್ದರೆ, ಉಸಿರಿಗೆ ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ. ಅದಕ್ಕೇ ಬಲೆಯೊಳಗೆ ಕಂಬಿಯ ಜಾಲರಿ ಇಡುತ್ತಾರೆ. ಸಿಗಡಿ ಕಂಬಿಗಳ ನಡುವೆ ನುಸುಳಿ ಹಿಂದಕ್ಕೆ ಹೋಗುತ್ತದೆ, ಆಮೆ ಜಾಲರಿಗೆ ತಾಗಿ ಬಲೆಯ ಮೇಲೆ ಇಲ್ಲವೇ ಕೆಳಗೆ ಇರುವ ಕಿಂಡಿಯಿಂದ ಹೊರಬೀಳುತ್ತದೆ. ಮಕ್ಕಳಿಗೆ ಬಟ್ಟೆ ಚೀಲ, ಕಡ್ಡಿ, ಗೋಲಿ, ಒಂದು ಚೆಂಡು ಕೊಟ್ಟು ಇದನ್ನು ಮಾಡಿ ಎನ್ನುತ್ತೇನೆ. ಕಡ್ಡಿ ನೆಟ್ಟಗೆ ನಿಲ್ಲಿಸಿದರೆ ಚೆಂಡು ಅಲ್ಲೇ ಸಿಕ್ಕಿಕೊಂಡು ಗೋಲಿಗಳಿಗೂ ಅಡ್ಡ ನಿಲ್ಲುತ್ತದೆ. ಓರೆಯಾಗಿ ಕೂರಿಸಿದರೆ ಜಾರಿ ಕಿಂಡಿಗೆ ಬರುತ್ತದೆ. ಈ ಓರೆಯನ್ನು ಹುಡುಕುವಷ್ಟರಲ್ಲಿ ಗಂಟೆ ಕಳೆದಿರುತ್ತದೆ, ಯಾರಿಗೂ ಬೇಜಾರಿಲ್ಲ.

ಏನೇ ಮಾಡಿದರೂ ಕೊನೆಗೆ ಪ್ರಾಣಿಗಳೆಲ್ಲ ಸಾಯುವ ಆಟಗಳು ನನಗೆ ಹಿಡಿಸುವುದಿಲ್ಲ. ಮಕ್ಕಳು ಮುಖ ಸಪ್ಪಗೆ ಮಾಡಿಕೊಂಡು ಎದ್ದು ಹೋಗುತ್ತಾರೆ. ಅವರು ಬದಲಾಯಿಸಬಹುದಾದ ಒಂದು ನಿಯಮವಾದರೂ ಇರಬೇಕು.

ಚಿಕ್ಕ ಮಕ್ಕಳಿಗೆ ದುಪ್ಪಟ್ಟಿನ ಲೆಕ್ಕ ಕಷ್ಟ, ಬಲೆಯಿಂದಲೇ ಶುರು ಮಾಡಿ. ಮಣಿ ಮಾತ್ರ ಮರದ್ದೇ ತನ್ನಿ. ಪ್ಲಾಸ್ಟಿಕ್ ಮಣಿ ಹರಡಿಕೊಂಡು ಸಮುದ್ರಕ್ಕೆ ಪ್ಲಾಸ್ಟಿಕ್ ಬೇಡ ಅಂದ್ರೆ ಮಕ್ಕಳು ಬಿಡ್ತಾರಾ?