ಕೊರಿಯನ್ ಹೋಟೆಲಿಗೆ ಮೊದಲ ಸಲ ಹೋಗುವವರಿಗೆ

ಹಲವು ದೇಶಗಳ ಜನ ನೆಲೆಸಿರುವ ನಗರದಲ್ಲಿ ಕೊರಿಯನ್ ಎಂಬ ಫಲಕ ಹೊತ್ತ ಹೋಟೆಲುಗಳು ಎಷ್ಟೋ ಇರಬಹುದು. ಅವುಗಳಲ್ಲಿ ಕೊರಿಯಾದವರೇ ಬಂದು ಉಣ್ಣುವುದು ಯಾವುದೆಂದು ಮೊದಲು ವಿಚಾರಿಸಿಕೊಳ್ಳಬೇಕು. ಮೆನುವಿನಲ್ಲಿ ಕೊರಿಯನ್ ಭಾಷೆಯ ಹಂಗುಲ್ ಲಿಪಿಯೂ ಇದ್ದು, ಸುಶಿಯಿಂದ ಪಿಜ್ಜಾದವರೆಗೆ ಎಲ್ಲವನ್ನೂ ತುರುಕದಿದ್ದರೆ ಅದು ಒಳ್ಳೆಯ ಲಕ್ಷಣ. ನಾನಂತೂ ಹೋಟೆಲನ್ನು ಅಳೆಯುವುದು ಅಲ್ಲಿನ ಬಾಂಚಾನ್‌ನಿಂದ.

ಅನ್ನದೊಡನೆ ನಂಚಿಕೊಳ್ಳಲು ಪುಟ್ಟ ಬಟ್ಟಲುಗಳಲ್ಲಿ ತಾವಾಗಿಯೇ ಮೇಜಿಗೆ ಬರುವ ಕಿಮ್ಚಿ (ಎಲೆಕೋಸು ಮುಂತಾದ ತರಕಾರಿಯನ್ನು ಖಾರ ಹಾಕಿ ಹುದುಗಿಸಿದ್ದು), ಎಳ್ಳೆಣ್ಣೆ ಬೆರೆಸಿದ ಪಾಲಕ್, ಸೋಯಾ ಮೊಳಕೆ ಮುಂತಾದವುಗಳೇ ಬಾಂಚಾನ್. ಸಾಮಾನ್ಯವಾಗಿ ಇವಕ್ಕೆ ಬೇರೆ ದರವಿಲ್ಲ, ಮುಗಿದರೆ ಮತ್ತೆ ಕೇಳಬಹುದು. ಹೊಸಬರು ಊಟ ಬರುವ ಮೊದಲೇ ಇವನ್ನು ತಿಂದು ಮುಗಿಸಿಬಿಡುತ್ತಾರೆ. ಹಾಗೆ ಮಾಡದೆ ಒಂದು ತುತ್ತು ಅನ್ನಕ್ಕೆ ಒಂದಿಷ್ಟರಂತೆ ಕೊನೆಯವರೆಗೂ ಉಳಿಸಿಕೊಳ್ಳಬೇಕು. ಕಿಮ್ಚಿಯಲ್ಲಿ ಬರೀ ಖಾರವಲ್ಲದೆ ಹುದುಗಿದ ಹುಳಿಯೂ ಇರಬೇಕು. ಮನೆಮಂದಿ, ನೆರೆಹೊರೆಯವರು ಸೇರಿ ಚಳಿಗಾಲಕ್ಕೆಂದು ಕಿಮ್ಚಿ ಹಾಕಿಡುವ ದಕ್ಷಿಣ ಕೊರಿಯಾದ ಕಿಮ್ಜಾಂಗ್ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಬ್ಬರೇ ಹೋಗುವುದಕ್ಕಿಂತ ಮೂರು ನಾಲ್ಕು ಜನ ಹೋಗುವುದು ಮೇಲು, ಏಕೆಂದರೆ ಮೇಜಿನ ಮೇಲೆಯೇ ಸುಡುವ ಮಾಂಸವನ್ನು ಅನೇಕ ಕಡೆ ಇಬ್ಬರ ಪ್ರಮಾಣಕ್ಕಿಂತ ಕಡಿಮೆ ಕೊಡುವುದಿಲ್ಲ. ಸುಟ್ಟ ತುಂಡನ್ನು ಸಂಜಾಂಗ್ ಎಂಬ ಗಟ್ಟಿ ಚಟ್ನಿ, ಬೆಳ್ಳುಳ್ಳಿಯೊಡನೆ ಲೆಟಿಸ್ ಎಲೆಯಲ್ಲಿ ಸುತ್ತಿ, ಕಚ್ಚಿ ಕಚ್ಚಿ ತಿನ್ನದೆ ಒಂದೇ ತುತ್ತಿಗೆ ಬಾಯಿಗಿಡುವುದು ಅಲ್ಲಿನ ರೂಢಿ. ಅನ್ನದ ಮೇಲೆ ತರಕಾರಿ ಮುಂತಾದವನ್ನು ಜೋಡಿಸಿದ ಬಿಬಿಂಬಾಪ್ ಕಾದ ಕಲ್ಲಿನ ಬಟ್ಟಲಿನಲ್ಲಿ ಬಂದರೆ, ತಳದ ಅನ್ನ ಗರಿಗರಿಯಾಗಲು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಗೊಚುಜಾಂಗ್ ಎಂಬ ಹುದುಗಿಸಿದ ಮೆಣಸಿನಕಾಯಿಯ ಗಟ್ಟಿ ಚಟ್ನಿ ಹಾಕಿ ಚೆನ್ನಾಗಿ ಕಲಸಬೇಕು.

ಸಸ್ಯಾಹಾರಿಗಳು ಮಾತ್ರ ಕೂರುವ ಮೊದಲೇ ವಿಚಾರಿಸುವುದು ಕ್ಷೇಮ. ತರಕಾರಿಯದೆಂದು ಕಾಣುವ ಕಿಮ್ಚಿಯಲ್ಲಿ ಮೀನಿನ ಅಥವಾ ಸೀಗಡಿಯ ಉಪ್ಪುರಸವಿರುವುದು ಸಾಮಾನ್ಯ. ತೋಫು ಹಾಕಿದ ಸಾರಿಗೂ ಬೇಳೆಯ ಕಟ್ಟಿನ ಬದಲು ಒಣಮೀನಿನ ನೀರನ್ನೇ ಬಳಸಿರಬಹುದು. ಆದ್ದರಿಂದ 'ಮಾಂಸ ಬೇಡ' ಎಂದರೆ ಸಾಲದು, ಮೀನನ್ನೂ ಹೆಸರಿಸಿ ಹೇಳಬೇಕು.

ಅನ್ನಕ್ಕೂ ಸಾರಿಗೂ ಚಮಚ, ಉಳಿದವಕ್ಕೆ ಊಟದ ಕಡ್ಡಿ (ಚಾಪ್‌ಸ್ಟಿಕ್). ಅನ್ನದ ಬಟ್ಟಲನ್ನು ಕೈಗೆತ್ತಿಕೊಳ್ಳುವುದಾಗಲಿ ಅನ್ನದಲ್ಲಿ ಕಡ್ಡಿ ನೆಡುವುದಾಗಲಿ ಸಲ್ಲದು. ಲೋಹದ ಕಡ್ಡಿಗಳು ಜಾರುತ್ತವೆ, ನಾಚಿಕೆಪಡದೆ ಫೋರ್ಕ್ ಕೇಳಿ. ಚಮಚ, ಕಡ್ಡಿಗಳು ಕಾಣದಿದ್ದರೆ ಮೇಜಿನ ಪಕ್ಕದ ಸಣ್ಣ ಡ್ರಾಯರ್ ಎಳೆದು ನೋಡಿ. ಜೊತೆಯಲ್ಲಿ ಹಿರಿಯರಿದ್ದರೆ ಅವರು ಚಮಚ ಎತ್ತುವವರೆಗೆ ಕಾಯುವುದು ಮರ್ಯಾದೆ. ಕೊರಿಯಾದಲ್ಲಿ ಟಿಪ್ಸ್ ಕೊಡುವ ರೂಢಿಯಿಲ್ಲ. ಬೇರೆ ದೇಶದಲ್ಲಿರುವ ಹೋಟೆಲಾದರೆ ಆ ಊರಿನ ಪದ್ಧತಿಯನ್ನೇ ಅನುಸರಿಸಬೇಕು.