ಬಾಯಿಗೆ ಕರೆಂಟ್ ಕೊಡುವ ಮುಂಚೆ ಹಲ್ಲಿನ ಫಿಲ್ಲಿಂಗ್ ನೋಡಿ: ನನ್ನ ಅನುಭವ

ನಾನು ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಮೆಡಿಕಲ್ ಫಿಸಿಸಿಸ್ಟ್. ಡಾಕ್ಟರ್ ಇಷ್ಟು ರೇಡಿಯೇಷನ್ ಡೋಸ್ ಅಂತ ಬರೆದುಕೊಟ್ಟ ಮೇಲೆ, ಅದು ಬೀಳಬೇಕಾದ ಕಡೆ ಬಿದ್ದು ಸುತ್ತಮುತ್ತ ಆದಷ್ಟು ಕಡಿಮೆ ಬೀಳುವ ಹಾಗೆ ಕಂಪ್ಯೂಟರಿನಲ್ಲಿ ಪ್ಲಾನ್ ಮಾಡುವುದು ನನ್ನ ಕೆಲಸ. ರೇಡಿಯೇಷನ್‌ಗೆ ನಮ್ಮ ಕಡೆ ಜನ ಕರೆಂಟ್ ಕೊಡೋದು ಅಂತಾರೆ. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಅಂತ ಕೆನ್ನೆ, ನಾಲಿಗೆ ಕ್ಯಾನ್ಸರಿನವರು ಬರುತ್ತಲೇ ಇರುತ್ತಾರೆ.

ಕೆಲವು ವರ್ಷಗಳ ಹಿಂದೆ ಒಬ್ಬರು ಅಮ್ಮನಿಗೆ ನಾಲಿಗೆ ಆಪರೇಷನ್ ಆದ ಮೇಲೆ 30 ಸಿಟ್ಟಿಂಗ್‌ಗಳಲ್ಲಿ 60 ಗ್ರೇ (ಗ್ರೇ ಅಂದರೆ ರೇಡಿಯೇಷನ್ ಡೋಸಿನ ಅಳತೆ) ಕೊಡುತ್ತಿದ್ದೆವು. ಮೂರನೇ ವಾರಕ್ಕೆ ಬಾಯಿ ಹುಣ್ಣಾಗುವುದು ಮಾಮೂಲಿ. ಆದರೆ ಇವರಿಗೆ ನಾಲಿಗೆಯ ಅಂಚಿನ ಒಂದೇ ಜಾಗದಲ್ಲಿ, ಉಗುರಿನಷ್ಟಗಲದ ಬಿಳಿ ಹುಣ್ಣು, ಬೇರೆ ಕಡೆಗಿಂತ ಆಳವಾಗಿತ್ತು. "ಇಲ್ಲಿ ಹಲ್ಲು ತಾಗಿದ್ರೆ ಜೀವ ಹೋಗುತ್ತೆ ಮೇಡಂ, ಗಂಜಿನೂ ಇಳಿಯಲ್ಲ" ಅಂದರು. ಟಾರ್ಚ್ ಬಿಟ್ಟು ನೋಡಿದರೆ ಹುಣ್ಣಿನ ಎದುರಿಗೇ ದವಡೆ ಹಲ್ಲಿನಲ್ಲಿ ಹಳೇ ಕಾಲದ ಬೂದು ಬಣ್ಣದ ಫಿಲ್ಲಿಂಗ್.

ಆ ಫಿಲ್ಲಿಂಗ್ ನನಗೆ ಗೊತ್ತಿಲ್ಲದ್ದೇನಲ್ಲ. ಸಿಟಿ ಸ್ಕ್ಯಾನಿನಲ್ಲಿ ಅದರಿಂದ ಕಪ್ಪು ಬಿಳಿ ಗೆರೆಗಳು ನಕ್ಷತ್ರದ ಹಾಗೆ ಚೆಲ್ಲಿದ್ದವು. ಕಪ್ಪು ಗೆರೆಯನ್ನು ಕಂಪ್ಯೂಟರ್ ಗಾಳಿ ಅಂತಲೂ ಬಿಳಿಯದನ್ನು ಮೂಳೆ ಅಂತಲೂ ತಿಳಿದು ಲೆಕ್ಕ ಹಾಕುತ್ತದೆ. ಅದಕ್ಕೆ ಗೆರೆ ಬಿದ್ದ ಜಾಗವನ್ನೆಲ್ಲ ಕೈಯಲ್ಲಿ ಗುರುತಿಸಿ, ಇದು ಮಾಂಸ ಅಂತ ನಂಬರ್ ಕೊಟ್ಟು ಸರಿ ಮಾಡಿದ್ದೆ. ಚಿತ್ರ ಸರಿ ಮಾಡಿದೆ, ಬಾಯಿ ಮರೆತೆ. ಅದು ನನ್ನದೇ ತಪ್ಪು, ಇವತ್ತಿಗೂ ನೋವಾಗುತ್ತದೆ.

ಬೆಳ್ಳಿ ಫಿಲ್ಲಿಂಗ್ ಅಂತ ಕರೆದರೂ ಅದರ ತೂಕದಲ್ಲಿ ಸುಮಾರು ಅರ್ಧ ಪಾದರಸ. ಕಿರಣ ಇಂಥ ಭಾರದ ಲೋಹಕ್ಕೆ ಬಡಿದಾಗ ಎಲೆಕ್ಟ್ರಾನುಗಳು ಹಿಂದಕ್ಕೆ ಸಿಡಿಯುತ್ತವೆ, ಅಲ್ಲೇ ಒತ್ತಿಕೊಂಡಿರುವ ನಾಲಿಗೆಗೋ ಕೆನ್ನೆಗೋ ಡೋಸ್ ಜಾಸ್ತಿ ಆಗುತ್ತದೆ. ಮಾಂಸ ಅಂತ ನಂಬರ್ ಕೊಟ್ಟ ಪ್ಲಾನಿನಲ್ಲಿ ಇದು ಕಾಣುವುದೂ ಇಲ್ಲ. ಆದರೆ ಈ ಎಲೆಕ್ಟ್ರಾನುಗಳು ದೂರ ಹೋಗುವುದಿಲ್ಲ, ಹೆಚ್ಚಿನವು ಮೂರು ನಾಲ್ಕು ಮಿಲಿಮೀಟರಿನೊಳಗೆ ನಿಂತುಬಿಡುತ್ತವೆ. ಅಂದರೆ ಹಲ್ಲಿಗೂ ನಾಲಿಗೆಗೂ ನಡುವೆ ಅಷ್ಟು ದಪ್ಪದ ಪ್ಲಾಸ್ಟಿಕ್ ಇದ್ದರೆ ಸಾಕು!

ನಮ್ಮ ಡೆಂಟಿಸ್ಟ್ ಹತ್ತಿರ ಹೋಗಿ ಕೂತೆ. ಹಲ್ಲಿನ ಅಚ್ಚು ತೆಗೆದು, ಮೆತ್ತನೆಯ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಅಚ್ಚಿನ ಮೇಲೆ ಎಳೆದು ಗಾರ್ಡ್ ಮಾಡಿಕೊಟ್ಟರು, ಆಟಗಾರರು ಹಲ್ಲಿಗೆ ಹಾಕಿಕೊಳ್ಳುತ್ತಾರಲ್ಲ, ಹಾಗೆ. ಮೊದಲನೆಯದು ಕೆಟ್ಟಿತು. ತಲೆ ಅಲುಗಾಡದ ಹಾಗೆ ಹಿಡಿಯುವ ಮಾಸ್ಕನ್ನು ಮುಖದ ಅಳತೆಗೆ ಮಾಡಿ, ಸ್ಕ್ಯಾನ್ ಮುಗಿಸಿದ ಮೇಲೆ ಗಾರ್ಡ್ ಬಂತು. ಅದನ್ನು ಹಾಕಿದರೆ ದವಡೆ ತೆರೆದುಕೊಂಡು ಮಾಸ್ಕ್ ಗಲ್ಲದ ಹತ್ತಿರ ಕೂರಲೇ ಇಲ್ಲ. ಮಾಸ್ಕು, ಸ್ಕ್ಯಾನು, ಪ್ಲಾನು ಎಲ್ಲ ಹೊಸದಾಗಿ ಮಾಡಬೇಕಾಯಿತು. ಈಗ ಮೊದಲು ಗಾರ್ಡ್, ಅದನ್ನು ಬಾಯಲ್ಲಿಟ್ಟೇ ಮಾಸ್ಕ್, ಆಮೇಲೆ ಸ್ಕ್ಯಾನ್, ಮತ್ತೆ ದಿನಾ ಸಿಟ್ಟಿಂಗ್‌ಗೂ ಅದೇ. ಬಿಸಿನೀರಲ್ಲಿ ತೊಳೆಯಬೇಡಿ, ಸೊಟ್ಟಗಾಗುತ್ತೆ ಅಂತ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಬಾಯಿ ಹುಣ್ಣಾಗುವುದು ಇದರಿಂದ ಪೂರ್ತಿ ತಪ್ಪುವುದಿಲ್ಲ, ಆದರೆ ಫಿಲ್ಲಿಂಗ್ ಎದುರಿಗೆ ಅಂಥ ಆಳದ ಹುಣ್ಣು ಆಮೇಲೆ ನಾನು ನೋಡಿಲ್ಲ.

"ಹಾಗಾದ್ರೆ ಫಿಲ್ಲಿಂಗೆಲ್ಲ ತೆಗೆಸಿಬಿಡ್ಲಾ?" ಅಂತ ತುಂಬಾ ಜನ ಕೇಳುತ್ತಾರೆ. ಗಟ್ಟಿಯಾಗಿರುವುದನ್ನು ಸುಮ್ನೆ ಕೀಳಿಸಬೇಡಿ. ಉಳಿಯದ ಹಲ್ಲಿದ್ದರೆ ಮಾತ್ರ ಕರೆಂಟ್ ಶುರುವಾಗುವುದಕ್ಕೆ ಎರಡು ವಾರ ಮುಂಚೆಯಾದರೂ ಕೀಳಿಸಿ, ಗಾಯ ಮಾಯಬೇಕು ಅಲ್ವಾ. ರೇಡಿಯೇಷನ್ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು. ಈ ಅಪಾಯ ವರ್ಷಗಳಾದರೂ ಹೋಗುವುದಿಲ್ಲ, ಹಾಗಾಗಿ ಯಾವ ಊರಿನ ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಮೊದಲ ಮಾತೇ "ನನಗೆ ಕರೆಂಟ್ ಕೊಟ್ಟಿದ್ದಾರೆ" ಅಂತ ಇರಲಿ.