ಗೋದಲಿಯ ಹುಲ್ಲು ಕೊಳೆಯೋದು ಯಾಕೆ?

ಕ್ರಿಸ್‌ಮಸ್‌ಗೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಿಟ್ಟು ತೋರಿಸುತ್ತೇವಲ್ಲ, ಆ ಗೋದಲಿಗಳನ್ನು ಈಗ ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಗುಡ್ಡ ಇದೆ, ಗುಹೆ ಇದೆ, ಮಿಣಮಿಣ ಲೈಟೂ ಇದೆ. ನೆಲಕ್ಕೆ ಮಾತ್ರ ಪ್ಲಾಸ್ಟಿಕ್ ಹುಲ್ಲಿನ ಚಾಪೆ! ಕೇಳಿದರೆ, "ಗೋಧಿ ಹಾಕಿದ್ವಿ ಆಂಟಿ, ಕೊಳೆತುಹೋಯ್ತು" ಅಂತಾರೆ. ಕೊಳೆಯದೆ ಇನ್ನೇನು? ಹಬ್ಬ ನಾಲ್ಕು ದಿನ ಇದೆ ಅನ್ನುವಾಗ ತಟ್ಟೆಗೆ ಗೋಧಿ ಸುರಿದು, ಮೇಲೊಂದು ಚೊಂಬು ನೀರು ಹೊಯ್ದು ಕೂತರೆ ಹುಲ್ಲು ಬರುತ್ತಾ?

1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊದಲ್ಲಿ ಗೋದಲಿ ಮಾಡಿದಾಗ ನಿಜವಾದ ಎತ್ತು, ಕತ್ತೆಯನ್ನೇ ತಂದು ನಿಲ್ಲಿಸಿದ್ದರು. ನೀವು ಎತ್ತು ತನ್ನಿ ಅಂತ ಯಾರೂ ಹೇಳುತ್ತಿಲ್ಲ. ಹುಲ್ಲಿಗಾದರೂ ಜೀವ ಇರಲಿ, ಅಲ್ವಾ?

ನಮ್ಮಮ್ಮ ಡಿಸೆಂಬರ್ 13ಕ್ಕೆ, ಸಂತ ಲೂಸಿಯ ಹಬ್ಬದ ದಿನವೇ ಗೋಧಿ ನೆನೆಹಾಕುತ್ತಿದ್ದಳು. ಕ್ರೊಯೇಷಿಯಾ, ಹಂಗೇರಿಯ ಮನೆಗಳಲ್ಲೂ ಅದೇ ದಿನದ ಲೆಕ್ಕ. ಚಳಿ ಜಾಸ್ತಿ ಇದ್ದರೆ ಎರಡು ದಿನ ಮುಂಚೆ ಹಾಕಿ. ಅಡುಗೆಮನೆಯ ಇಡೀ ಗೋಧಿಯೇ ಸಾಕು, ಹುಳ ತಿಂದದ್ದು, ಒಡೆದದ್ದು ಆರಿಸಿ ತೆಗೆಯಿರಿ. ಬಿತ್ತನೆ ಬೀಜಕ್ಕೆ ಔಷಧಿ ಸವರಿರುತ್ತಾರೆ, ಮಕ್ಕಳು ಕೈಯಾಡಿಸುವ ಕಡೆ ಅದು ಬೇಡ. ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಡಿ. ಬಿಳಿ ಮೂತಿ ಕಾಣಿಸಿದ ಮೇಲೆಯೇ ತಟ್ಟೆಗೆ.

ಈಗ ಗಮನ ಇಟ್ಟು ಕೇಳಿ. ತಟ್ಟೆಯಲ್ಲಿ ಬೆರಳು ದಪ್ಪ ಮಣ್ಣು ಹರಡಿ, ನೀರು ಚಿಮುಕಿಸಿ. ಮೊಳಕೆ ಕಾಳನ್ನು ಒಂದಕ್ಕೊಂದು ತಾಗುವ ಹಾಗೆ ಒತ್ತಾಗಿ ಹಾಸಬೇಕು, ಆದರೆ ಒಂದರ ಮೇಲೊಂದು ಏರಬಾರದು. ಏರಿದ ಕಡೆಯೇ ಮೊದಲು ಕೊಳೆಯೋದು. ಅಂಗೈಯಿಂದ ಮೆಲ್ಲಗೆ ಒತ್ತಿ, ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿ ಎರಡು ದಿನ ಕತ್ತಲಲ್ಲಿಡಿ. ಅಮ್ಮ ಮಂಚದ ಕೆಳಗೆ ಇಡುತ್ತಿದ್ದಳು, ನಾವು ಕದ್ದು ಕದ್ದು ತೆಗೆದು ನೋಡಿ ಬೈಸಿಕೊಳ್ಳುತ್ತಿದ್ದೆವು. ನೀರನ್ನು ಬೆರಳಲ್ಲೇ ಚಿಮುಕಿಸಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ತಟ್ಟೆ ಓರೆ ಮಾಡಿದರೆ ಅಂಚಿನಲ್ಲಿ ನೀರು ಸೇರಬಾರದು. ಸೇರಿದರೆ ಬಸಿದುಬಿಡಿ. ಬೇರಿನ ಸುತ್ತ ಬಿಳಿ ನವಿರು ಕಂಡ ಕೂಡಲೇ ಬೂಷ್ಟು ಅಂತ ಎಸೆಯುವವರನ್ನು ಕಂಡಿದ್ದೇನೆ! ಅದು ಬೇರಿನ ಕೂದಲು ಕಣ್ರೀ. ನೀರು ಚಿಮುಕಿಸಿದರೆ ಅಂಟಿಕೊಂಡು ಕಾಣದಾಗುತ್ತದೆ. ಬೂಷ್ಟಾದರೆ ಕಾಳಿನಿಂದ ಕಾಳಿಗೆ ಬಲೆಯ ಹಾಗೆ ಹಬ್ಬುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಆ ಭಾಗವನ್ನು ಮಣ್ಣು ಸಮೇತ ಕಿತ್ತು ಬಿಸಾಡಿ.

ಮುಚ್ಚಳ ತೆಗೆದಾಗ ಚಿಗುರು ಹಳದಿ ಇರುತ್ತದೆ, ಗಾಬರಿ ಬೇಡ. ಕಿಟಕಿ ಹತ್ತಿರ ಇಟ್ಟರೆ ಹಸಿರಾಗುತ್ತದೆ. ದಿನಾ ತಟ್ಟೆ ತಿರುಗಿಸಿ, ಇಲ್ಲದಿದ್ದರೆ ಹುಲ್ಲೆಲ್ಲ ಬೆಳಕಿನ ಕಡೆಗೇ ವಾಲುತ್ತದೆ.

ಇಷ್ಟರಲ್ಲಿ ಬೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದು ಒಣ ಕುಂಚದಿಂದ ಧೂಳು ಕೊಡವಿ. ಮಣ್ಣಿನ ಬೊಂಬೆಗೆ ಒದ್ದೆ ಬಟ್ಟೆ ತಾಗಿಸಿದಿರೋ, ಕುರುಬನ ಮೂಗಿನ ಬಣ್ಣ ಬಟ್ಟೆಗೆ ಬರುತ್ತದೆ. ಹೋದ ವರ್ಷ ಹಳೇ ಪೇಪರಿನಲ್ಲಿ ಒಂದೊಂದಾಗಿ ಸುತ್ತಿಟ್ಟಿದ್ದರೆ ಕುರಿಯ ಕಿವಿಯೂ ಮುರಿಯುತ್ತಿರಲಿಲ್ಲ. ಇರಲಿ.

24ರ ಹೊತ್ತಿಗೆ ಹುಲ್ಲು ನಾಲ್ಕು ಬೆರಳು ಎತ್ತರ ಬಂದಿರುತ್ತದೆ. ಹೆಚ್ಚಾಗಿದ್ದರೆ ಕತ್ತರಿಯಿಂದ ಸವರಿ, ಇಲ್ಲವಾದರೆ ಕುರಿ ಕಾಣಿಸೋದೇ ಇಲ್ಲ. ಬೊಂಬೆಗಳನ್ನು ನೇರ ಒದ್ದೆ ಮಣ್ಣಿನ ಮೇಲೆ ನಿಲ್ಲಿಸಬೇಡಿ, ಅಡಿಗೊಂದು ರಟ್ಟಿನ ಚೂರು, ಅದಕ್ಕೆ ಪ್ಲಾಸ್ಟಿಕ್ ಸುತ್ತಿ. ಮೇಣದಬತ್ತಿ ದೂರ ಇರಲಿ. ಬಾಲಯೇಸುವನ್ನು ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಮಲಗಿಸಿ, ಫೋಟೋ ಚೆನ್ನಾಗಿ ಬರುತ್ತೆ ಅಂತ ಮಧ್ಯಾಹ್ನವೇ ಅಲ್ಲ. ಮಗುವನ್ನು ನೋಡಲು ಬರುವ ಮೂವರು ಜ್ಞಾನಿಗಳು ದೂರದಲ್ಲೇ ನಿಂತಿರಲಿ, ಜನವರಿ 6ಕ್ಕೆ ಬಂದು ತಲುಪಲಿ. ಅಲ್ಲಿಯವರೆಗೂ ಹುಲ್ಲಿಗೆ ನೀರು ಚಿಮುಕಿಸೋದು ಮರೀಬೇಡಿ.